ಸಮುದ್ರಕ್ಕೆ ಬಿಡುವ ಚರಂಡಿ ನೀರಿಗೆ ಲೆಕ್ಕ ಇಡೋರು ಯಾರು?

ರಾಯಚೂರು_ಕೋಟೆ:
ಎಲ್ಲರಿಗೂ ನಮಸ್ಕಾರ. ತಂಗಿಯನ್ನು ಮಂಗಳೂರು ಕಡೆ ಕೊಟ್ಟಿದ್ದೇವೆ. ಅಲ್ಲಿ ಚರಂಡಿ ನೀರಿನ ಮಾತು ಬಂದರೆ ಸಾಕು, "ಶುದ್ಧ ಮಾಡಿಯೇ ಬಿಡ್ತಾರೆ, ಕಡಲು ಅಷ್ಟು ದೊಡ್ಡದು, ಏನೂ ಆಗಲ್ಲ" ಅಂತಾರೆ. ನನಗೆ ಒಪ್ಪಿಗೆ ಆಗ್ತಿಲ್ಲ. 1986ರ ಪರಿಸರ ಸಂರಕ್ಷಣೆ ನಿಯಮಗಳ ಪಟ್ಟಿ ತೆಗೆದು ನೋಡಿದೆ. ನದಿ, ಕೆರೆಗೆ ಬಿಡುವ ನೀರಿನ ಬಿಒಡಿ (ಕೊಳಕನ್ನು ಬ್ಯಾಕ್ಟೀರಿಯಾ ತಿನ್ನೋಕೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ಕಡಲತೀರಕ್ಕಾದರೆ 100ರ ತನಕ ನಡೆಯುತ್ತೆ ಅಂತಿದೆ. ಕಡಲು ಅಂದ್ರೆ ಯಾಕಿಷ್ಟು ಸಸಾರ? ಬಯಲುಸೀಮೆಯವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ತುಂಗಭದ್ರೆ ದಂಡೆಯ ಊರುಗಳ ಕೊಳಕೂ ಕೃಷ್ಣೆ ಸೇರಿ ಹಂಸಲದೀವಿ ಹತ್ತಿರ ಸಮುದ್ರಕ್ಕೇ ಹೋಗೋದು ಅಲ್ವಾ?

ಗಂಗಾವತಿ_ಟೀಚರ್:
ಅಣ್ಣಾ, ನೀವು ನೋಡಿದ್ದು ಎಲ್ಲ ಬಗೆಯ ಕೊಳೆನೀರಿಗೂ ಹಾಕಿದ ಸಾಮಾನ್ಯ ಪಟ್ಟಿ. ನಗರಗಳ ಎಸ್‌ಟಿಪಿಗೆ, ಅಂದ್ರೆ ಚರಂಡಿ ನೀರು ಶುದ್ಧ ಮಾಡುವ ಘಟಕಕ್ಕೆ, 2017ರಲ್ಲಿ ಬೇರೆ ಅಧಿಸೂಚನೆ ಬಂತು. ಬಿಒಡಿ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30. ಮಲದ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) 100 ಮಿ.ಲೀ.ಗೆ 1000 ದಾಟಬಾರದು. 2019ರ ಏಪ್ರಿಲ್‌ನಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಇದೂ ಸಾಲದು, ಬಿಒಡಿ 10ಕ್ಕೆ ಇಳಿಸಿ ಅಂತ ಆದೇಶ ಮಾಡಿತು.

ಕಡಲಿಗೆ ಸಡಿಲ ಬಿಟ್ಟಿದ್ದರ ಹಿಂದಿನ ಲೆಕ್ಕ ಇಷ್ಟೇ: ಕೊಳಕನ್ನು ಬ್ಯಾಕ್ಟೀರಿಯಾ ತಿನ್ನೋದಕ್ಕೆ ಆಮ್ಲಜನಕ ಬೇಕು, ಅಲೆ ಮತ್ತು ಉಬ್ಬರವಿಳಿತ ಇರುವ ಕಡೆ ಅದು ಬೇಗ ತುಂಬಿಕೊಳ್ಳುತ್ತೆ. ಪೈಪು ದೂರ ಹೋದರೆ ಈ ಲೆಕ್ಕ ಸರಿ. ಅಮೆರಿಕದ ಬಾಸ್ಟನ್ ನಗರ 2000ದಿಂದ ಸಂಸ್ಕರಿಸಿದ ನೀರನ್ನು ಸುಮಾರು 15 ಕಿ.ಮೀ. ಸುರಂಗದಲ್ಲಿ ಒಯ್ದು, ಸುಮಾರು 30 ಮೀಟರ್ ಆಳದಲ್ಲಿ ಹತ್ತಾರು ಕಡೆ ಹಂಚಿ ಬಿಡುತ್ತೆ. ಪೈಪಿನ ಬಾಯಿ ದಂಡೆಯಲ್ಲೇ ಇದ್ದರೆ ನೀರು ಅಲ್ಲಲ್ಲೇ ಸುತ್ತುತ್ತೆ. ಕಪ್ಪೆಚಿಪ್ಪು ನೀರನ್ನು ಸೋಸಿ ತಿನ್ನುವ ಜೀವಿ, ರೋಗಾಣು ಅದರ ಮೈಯಲ್ಲೇ ಸೇರಿಕೊಳ್ಳುತ್ತೆ. ಬರೀ ಬಿಒಡಿ ನೋಡಿದ್ರೆ ಸಾಲದು. ಸಾರಜನಕ, ರಂಜಕ ಜಾಸ್ತಿಯಾದ್ರೆ ಪಾಚಿ ಬೆಳೆಯುತ್ತೆ.

ಬಳ್ಳಾರಿ_ಆಪರೇಟರ್:
ನಾನು ಕರಾವಳಿಯ ಒಂದು ಎಸ್‌ಟಿಪಿಯಲ್ಲಿ ಕೆಲಸ ಮಾಡಿದವನು, ಈಗ ತೋರಣಗಲ್ಲಿನಲ್ಲಿದ್ದೀನಿ. ಟೀಚರಮ್ಮಾ, ನೀವು ಹೇಳಿದ ಅಂಕಿಗಳು ಸರಿ. ಆದರೆ ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಬಾಟಲಿ ಇಡಬೇಕು. ರಿಸಲ್ಟ್ ಬರೋ ಹೊತ್ತಿಗೆ ಆ ನೀರು ಎಲ್ಲಿರುತ್ತೆ ಹೇಳಿ. ದಿನಾ ನಾವು ನಂಬೋದು ಒಂದು ಲೀಟರಿನ ಗಾಜಿನ ಜಾರನ್ನು. ಕೊಳಕು ತಿನ್ನುವ ಬ್ಯಾಕ್ಟೀರಿಯಾಗೆ ಗಾಳಿ ಊದುವ ಏರೇಷನ್ ಟ್ಯಾಂಕಿನ ಕಂದು ನೀರು ತುಂಬಿ ಅರ್ಧ ಗಂಟೆ ಬಿಡ್ತೀವಿ. ಸ್ಲಡ್ಜ್ (ಕೆಸರು) 200-300 ಮಿ.ಲೀ. ಗೀಟಿನ ಹತ್ತಿರ ಕೂತು ಮೇಲಿನ ನೀರು ತಿಳಿಯಾದರೆ ಪ್ಲಾಂಟ್ ಆರೋಗ್ಯವಾಗಿದೆ ಅಂತ. ಕರೆಂಟ್ ಹೋಗಿ, ಡೀಸೆಲ್ ಇಲ್ಲದೆ ಗಾಳಿ ಊದುವ ಬ್ಲೋವರ್ ಗಂಟೆಗಟ್ಟಲೆ ನಿಂತರೆ ಟ್ಯಾಂಕ್ ಕಪ್ಪಾಗಿ ನಾತ ಹೊಡೆಯುತ್ತೆ, ಮತ್ತೆ ಸರಿಹೋಗೋಕೆ ದಿನಗಳೇ ಬೇಕು.

ಮಳೆಗಾಲ ಇನ್ನೂ ಕಷ್ಟ. ರಸ್ತೆ ನೀರು ಇಳಿಯಲಿ ಅಂತ ಜನ ಮ್ಯಾನ್‌ಹೋಲ್ ಮುಚ್ಚಳ ಎತ್ತಿಬಿಡ್ತಾರೆ, ಒಳಕ್ಕೆ ಎರಡು ಪಟ್ಟು ನೀರು ಬರುತ್ತೆ. ಆಗ ಬೈಪಾಸ್ ವಾಲ್ವ್ ತೆಗೆಯೋದೇ ದಾರಿ. ಬಂದದ್ದು ಬಂದ ಹಾಗೇ ಹೊರಗೆ. ನಮ್ಮಲ್ಲಿ ಅದು ರಿಜಿಸ್ಟರಿನಲ್ಲಿ ಬರೀತಿರಲಿಲ್ಲ. ನನ್ನ ಕೇಳಿದ್ರೆ, ಬಿಒಡಿ 30 ಇರಲಿ 10 ಇರಲಿ, ಮೊದಲು ಬೈಪಾಸ್ ತೆಗೆದ ದಿನ ಮತ್ತು ಹೊತ್ತನ್ನು ಊರಿಗೆ ತಿಳಿಸೋದು ಕಡ್ಡಾಯ ಆಗಬೇಕು. ಆ ದಿನ ಮಕ್ಕಳು ನೀರಿಗಿಳಿಯದೆ ಇರ್ತಾರೆ.

ಕೊಪ್ಪಳ_ವಕೀಲ:
ಇದೇ ಜಗಳ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ನಡೆದಿದೆ. ಅಲ್ಲಿ ಮಳೆನೀರು, ಚರಂಡಿ ನೀರು ಎರಡೂ ಒಂದೇ ಪೈಪಿನಲ್ಲಿ ಹೋಗುತ್ತೆ, ಜೋರು ಮಳೆಗೆ ತುಂಬಿ ಪೆಸಿಫಿಕ್ ಸಾಗರಕ್ಕೆ ಹರಿಯುತ್ತೆ. ಕಡಲ ನೀರಿನ ಗುಣಮಟ್ಟ ಕೆಡುವಂಥ ಏನನ್ನೂ ಬಿಡಬೇಡಿ ಅಂತ ಅನುಮತಿ ಪತ್ರದಲ್ಲಿತ್ತು. ಏನು ಮಾಡಬೇಕು ಅಂತ ಬಿಡಿಸಿ ಹೇಳಿ, ಕಡಲು ಕೆಟ್ಟರೆ ನಮ್ಮನ್ನೇ ಹಿಡಿಯೋದು ಸರಿಯಲ್ಲ ಅಂತ ನಗರಾಡಳಿತ ಕೋರ್ಟಿಗೆ ಹೋಯಿತು. 2025ರ ಮಾರ್ಚ್ 4ರಂದು ಅಲ್ಲಿನ ಸುಪ್ರೀಂ ಕೋರ್ಟ್ 5-4ರಲ್ಲಿ ನಗರದ ಪರ ತೀರ್ಪು ಕೊಟ್ಟಿತು.

ನನಗೆ ಆ ತೀರ್ಪು ನುಂಗಲು ಕಷ್ಟ. ಪಾಲಿಸಬೇಕಾದ ಕ್ರಮಗಳನ್ನು ಒಂದೊಂದಾಗಿ ಬರೆಯುವ ಹೊರೆ ಈಗ ಅಧಿಕಾರಿಗಳ ಮೇಲೆ, ಅವರು ಬರೆಯದೆ ಬಿಟ್ಟದ್ದಕ್ಕೆ ಕಡಲೇ ದಂಡ ತೆರಬೇಕು. ನಮ್ಮಲ್ಲಿ 1974ರ ಜಲ ಕಾಯ್ದೆಯ ಪ್ರಕಾರ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲದೆ ನೀರು ಬಿಡುವಂತಿಲ್ಲ, ಅದಕ್ಕೆ ಷರತ್ತು ಹಾಕುವ ಅಧಿಕಾರವೂ ಮಂಡಳಿಗಿದೆ. ಸಂಸ್ಕರಿಸದ ನೀರನ್ನು ಕಡಲಿಗೆ ಬಿಡೋದನ್ನು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ನಿಷೇಧಿಸಿದೆ. ಅಣ್ಣಾ, ಆರ್‌ಟಿಐ ಹಾಕಿ. ಸಮ್ಮತಿ ಪತ್ರ, ತಿಂಗಳ ಲ್ಯಾಬ್ ವರದಿ ಎರಡನ್ನೂ ಕೇಳಿ.

ರಾಯಚೂರು_ಕೋಟೆ:
ಭಾಳ ಉಪಕಾರ ಆಯ್ತು. ವಕೀಲರೇ, ಬೈಪಾಸ್ ರಿಜಿಸ್ಟರ್, ಜನರೇಟರಿನ ಡೀಸೆಲ್ ಲೆಕ್ಕ ಎರಡನ್ನೂ ಸೇರಿಸಿ ಕೇಳ್ತೀನಿ. ತಂಗಿ ಊರಿನ ಪ್ಲಾಂಟಿಗೆ ಒಂದು ಅರ್ಜಿ, ನಮ್ಮೂರಿನದಕ್ಕೆ ಇನ್ನೊಂದು. ಆಪರೇಟರಣ್ಣಾ, ಕಾಗದ ಬಂದ ಮೇಲೆ ಇಲ್ಲೇ ಹಾಕ್ತೀನಿ, ಅದನ್ನು ಓದಿ ಅರ್ಥ ಹೇಳೋದು ನಿಮ್ಮ ಕೆಲಸ.