ಮೀಥೇನ್ ಲೇಸರ್‌ನಲ್ಲೇ ಎನ್‌ಓ2 ಅಳೀಬಹುದಾ?

ಫೋಟಾನ್_ಪುಟ್ಟ:
ಎಲ್ರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ 1653 ನ್ಯಾನೋಮೀಟರ್‌ನ ಡಿಎಫ್‌ಬಿ ಲೇಸರ್ (ಒಂದೇ ತರಂಗಾಂತರದ ಬೆಳಕು ಕೊಡೋ ಡಯೋಡ್ ಲೇಸರ್) ಇದೆ, ಗ್ಯಾಸ್ ಬೆಳಕು ಹೀರಿದ್ದನ್ನ ತೋರ್ಸೋ ಪೀಕ್ ಮೀಥೇನ್‌ಗೆ ಚೆನ್ನಾಗಿ ಬರ್ತಿದೆ. ಈಗ ಗೈಡು ನೈಟ್ರೋಜನ್ ಡೈಆಕ್ಸೈಡೂ (ಎನ್‌ಓ2) ಸೇರಿಸು ಅಂತಿದಾರೆ, ತರಂಗಾಂತರ ಜರುಗಿಸೋಕೆ ಲೇಸರ್ ಕರೆಂಟ್ ಎಷ್ಟು ಸ್ಕ್ಯಾನ್ ಮಾಡಿದ್ರೂ ಏನೂ ಕಾಣ್ತಿಲ್ಲ. ಅದ್ರ ಮೇಲೆ ಬೇಸ್‌ಲೈನ್ (ಪೀಕ್ ಇಲ್ಲದ ಕಡೆ ಸಪಾಟಾಗಿರ್ಬೇಕಾದ ಗೆರೆ) ಬೇರೆ ಅಲೆ ಅಲೆಯಾಗಿ ಬರ್ತಿದೆ, ಅದು ಗ್ಯಾಸೇನಾ ಅಥ್ವಾ ಬೇರೆ ಏನಾದ್ರೂನಾ?

ನೀಲಿಬೆಳಕು:
ಆಗಲ್ಲ ಬಿಡಿ. ಡಿಎಫ್‌ಬಿ ಲೇಸರ್‌ನ ತರಂಗಾಂತರ ಕೆಲವೇ ನ್ಯಾನೋಮೀಟರ್ ಅಷ್ಟೇ ಜರುಗೋದು, ಅದೂ ಟೆಂಪರೇಚರ್ ಬದಲಾಯಿಸಿದ್ರೆ, ಬರೀ ಕರೆಂಟಲ್ಲಿ ಇನ್ನೂ ಕಡಿಮೆ. ಎನ್‌ಓ2 ಗಟ್ಟಿಯಾಗಿ ಹೀರೋದು 6.2 ಮೈಕ್ರೋಮೀಟರ್ ಹತ್ರ, ಅದಕ್ಕೆ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ (ಅಷ್ಟು ಉದ್ದ ತರಂಗಾಂತರದ ಇನ್‌ಫ್ರಾರೆಡ್ ಕೊಡೋ ಲೇಸರ್) ಬೇಕು, ದುಬಾರಿ, ಅಲ್ಲಿ ನೀರಾವಿ ಗೆರೆಗಳೂ ಅಡ್ಡ ಬರ್ತವೆ. ಇಲ್ಲಾಂದ್ರೆ 405ರಿಂದ 450 ನ್ಯಾನೋಮೀಟರ್‌ನ ನೀಲಿ ಡಯೋಡ್. ಆದ್ರೆ ಅಲ್ಲಿ ನಿಮ್ಮ ಮೀಥೇನ್ ಥರ ಚೂಪು ಪೀಕ್ ಹುಡುಕ್ಬೇಡಿ, ಹೀರಿಕೆ ಅಗಲವಾಗಿ ಹರಡಿರುತ್ತೆ, ಹಾಗಾಗಿ ಸ್ಯಾಂಪಲ್ ಗಾಳಿ ಒಂದ್ಸಲ, ಎನ್‌ಓ2 ತೆಗೆದ ಗಾಳಿ ಒಂದ್ಸಲ ಬಿಟ್ಟು ವ್ಯತ್ಯಾಸ ನೋಡ್ಬೇಕು. ನನ್ನ ಕೇಳಿದ್ರೆ ವಿದ್ಯಾರ್ಥಿಗೆ ನೀಲಿ ದಾರಿನೇ ಸರಿ.

ತಂತಿ_ತಿರುಗು:
ಅಲೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಗ್ಯಾಸ್ ತುಂಬೋ ಸೆಲ್‌ಗೆ ಈ ಬೆಳಕು ಹೀರದ ಬರೀ ನೈಟ್ರೋಜನ್ ತುಂಬಿ ನೋಡಿ, ಆಗ್ಲೂ ಅಲೆ ಹಾಗೇ ಇದ್ರೆ ಅದು ಗ್ಯಾಸ್ ಅಲ್ಲ, ಎಟಲಾನ್. ಎರಡು ಮೇಲ್ಮೈ ಮಧ್ಯೆ ಬೆಳಕು ಹಿಂದೆ ಮುಂದೆ ಓಡಾಡಿ ತನ್ನ ಜೊತೆ ತಾನೇ ಸೇರ್ಕೊಳ್ಳುತ್ತೆ. 3 ಸೆಂಟಿಮೀಟರ್ ಗಾಳಿ ಗ್ಯಾಪ್ ಇದ್ರೆ ಅಲೆಯಿಂದ ಅಲೆಗೆ 5 ಗಿಗಾಹರ್ಟ್ಸ್ ಬರುತ್ತೆ, ಮಾಮೂಲಿ ಗಾಳಿಯ ಒತ್ತಡದಲ್ಲಿ ಮೀಥೇನ್ ಗೆರೆ ಅಗಲಾನೂ ಹೆಚ್ಚು ಕಡಿಮೆ ಅದೇ, ಅದಕ್ಕೇ ಸಾಫ್ಟ್‌ವೇರ್ ಫಿಲ್ಟರ್‌ಗೆ ಎರಡನ್ನೂ ಬೇರೆ ಮಾಡೋಕೆ ಬರಲ್ಲ. ಕಿಟಕಿ ಗಾಜು ಸ್ವಲ್ಪ ಓರೆ ಮಾಡಿ, ಸಾಧ್ಯವಾದ್ರೆ ವೆಡ್ಜ್ ಇರೋದು (ಎರಡು ಮುಖ ಸಮಾನಾಂತರ ಇಲ್ಲದ ಗಾಜು) ಹಾಕಿ, ಡಿಟೆಕ್ಟರ್ ಮುಂದಿನ ಗಾಜನ್ನೂ ಬಿಡ್ಬೇಡಿ, ಎಲ್ರೂ ಮರೆಯೋದು ಅದನ್ನೇ.

ಫೋಟಾನ್_ಪುಟ್ಟ:
ಥ್ಯಾಂಕ್ಸ್ ಸರ್. ನೈಟ್ರೋಜನ್ ತುಂಬಿ ನೋಡ್ದೆ, ಅಲೆ ಹಾಗೇ ಇದೆ. ಹೊರಗಿನ ಗಾಳಿಯ ಮೀಥೇನ್ ಅಳೆಯೋಕೆ ಬೆಳಕಿಗೆ 10 ಮೀಟರ್ ದಾರಿ ಸಾಕಾಗುತ್ತಾ?

ತಂತಿ_ತಿರುಗು:
ಹೊರಗಡೆ ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಪಾಲು) ಇರುತ್ತೆ, 10 ಮೀಟರ್‌ಗೆ ಬೆಳಕಲ್ಲಿ ಸಾವಿರಕ್ಕೆ ಒಂದು ಪಾಲೂ ಕಮ್ಮಿಯಾಗಲ್ಲ. ನೇರ ಹೀರಿಕೆಯಲ್ಲಿ ನೋಡಿದ್ರೆ ಲೇಸರ್ ಪವರ್ ಏರಿಳಿತದಲ್ಲೇ ಅದು ಮುಳುಗೋಗುತ್ತೆ, ಆದ್ರೆ ಲೇಸರ್ ಕರೆಂಟನ್ನ ಕಿಲೋಹರ್ಟ್ಸ್‌ಗಳಲ್ಲಿ ಅಲ್ಲಾಡಿಸಿ ಲಾಕ್‌ಇನ್‌ನಲ್ಲಿ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಹೆಕ್ಕೋ ಉಪಕರಣ) 2ಎಫ್ ಸಿಗ್ನಲ್, ಅಂದ್ರೆ ಅಲ್ಲಾಡಿಸಿದ ಫ್ರೀಕ್ವೆನ್ಸಿಯ ಎರಡರಷ್ಟರಲ್ಲಿ ಬರೋದು, ತಗೊಂಡ್ರೆ ಸಿಗುತ್ತೆ. ಮೊದಲು ಎಟಲಾನ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ 2ಎಫ್‌ನಲ್ಲೂ ಅದೇ ಅಲೆ ಮುಖಕ್ಕೆ ಹೊಡಿಯುತ್ತೆ.

ನೀಲಿಬೆಳಕು:
ಹ್ಞಾ, ಮತ್ತೆ ಮುಂದೆ ಗೈಡು ಅಮೋನಿಯಾನೂ ಸೇರಿಸು ಅಂದ್ರೆ ಟ್ಯೂಬ್ ಬಿಸಿ ಇಡಿ, ಅದು ಗೋಡೆಗೆ ಅಂಟ್ಕೊಂಡು ರೀಡಿಂಗ್ ನಿಧಾನಕ್ಕೆ ಏರುತ್ತೆ.