ಪುಟ್ಟ ಮಕ್ಕಳಿಗೆ ಗಿಟಾರ್: ಈ ವಾರದ ಪ್ರಶ್ನೋತ್ತರ

ಹಾಸನದ ತಾಯಿ: ಸರ್, ಮಗಳಿಗೆ 6 ವರ್ಷ. ಯಾವ ಸೈಜ್ ತಗೊಳ್ಳೋದು?

ಗಿಟಾರ್ ಮೇಷ್ಟ್ರು: 30ರಿಂದ 34 ಇಂಚು, ನೈಲಾನ್ ತಂತಿ. ಅಂಗಡಿಯಲ್ಲೇ ಕೂರಿಸಿ ನೋಡಿ. ಎಡಗೈ ಮೊದಲ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ತಲೆ ಕಡೆಯ ಮೊದಲ ಅಡ್ಡಪಟ್ಟಿ) ಮುಟ್ಟಿದಾಗ ಮೊಣಕೈ ಬಾಗಿಯೇ ಇರಬೇಕು, ಬಲಭುಜ ಮೇಲೇಳಬಾರದು. ಬೆಳೆದ ಮೇಲೂ ಆಗುತ್ತೆ ಅಂತ 41 ಇಂಚಿನದು ತರಬೇಡಿ.

ತುಮಕೂರಿನ ತಂದೆ: 7 ವರ್ಷದ ಮಗನ 34 ಇಂಚಿನ ನೈಲಾನ್ ಗಿಟಾರಿಗೆ ಸೌಂಡ್ ಸಾಲದು ಅಂತ ಹೋದ ತಿಂಗಳು ಸ್ಟೀಲ್ ತಂತಿ ಹಾಕಿಸಿದೆ. ಈಗ ಒತ್ತೋಕೇ ಆಗ್ತಿಲ್ಲ, ಬೆರಳಲ್ಲಿ ಬೊಬ್ಬೆ.

ಗಿಟಾರ್ ಮೇಷ್ಟ್ರು: ಮೊದಲು ಆರೂ ತಂತಿ ಸಡಿಲ ಮಾಡಿ ಸರ್, ಈಗಲೇ. ಸ್ವಲ್ಪ ಸ್ವಲ್ಪವೇ, ಮುಖ ದೂರ ಇಟ್ಟುಕೊಂಡು. ಸ್ಟೀಲಿನ ಎಳೆತ ನೈಲಾನಿಗಿಂತ ಒಂದೂವರೆಯಿಂದ ಎರಡು ಪಟ್ಟು. ನಿಮ್ಮ ಗಿಟಾರಿನ ಮೇಲ್ಹಲಗೆ ಅಷ್ಟನ್ನು ತಡೆಯೋಕೆ ಮಾಡಿದ್ದಲ್ಲ. ಕತ್ತು ಬಾಗುತ್ತೆ, ಬ್ರಿಜ್ (ಮೇಲ್ಹಲಗೆಗೆ ಅಂಟಿಸಿದ, ತಂತಿ ಕಟ್ಟೋ ಮರದ ತುಂಡು) ಅಂಟು ಬಿಡುತ್ತೆ. ಬ್ರಿಜ್ಜಿನ ಹಿಂಬದಿ ಅಂಚಿಗೆ ಕಾಗದದ ಮೂಲೆ ತೂರಿಸಿ ನೋಡಿ. ಒಳಗೆ ಹೋದರೆ ರಿಪೇರಿಗೆ ಕೊಡಿ: ಹಳೇ ಅಂಟು ಕೆರೆದು, ಮರದ ಅಂಟು ಹಚ್ಚಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡಬೇಕು. ಹೋಗದಿದ್ದರೆ ನೈಲಾನ್ ಹಾಕಿ, 12ನೇ ಫ್ರೆಟ್ ಮೇಲೆ ದಪ್ಪ ತಂತಿ ಎಷ್ಟು ಎತ್ತರ ಇದೆ ಅಳೆಯಿರಿ. 4 ಮಿ.ಮೀ. ದಾಟಿದ್ದರೆ ಬ್ರಿಜ್ ಮೇಲಿನ ಬಿಳಿ ಪಟ್ಟಿಯ ಅಡಿ ಉಜ್ಜಿಸಬೇಕು. ಪಟ್ಟಿಯಲ್ಲಿ 1 ಮಿ.ಮೀ. ಹೋದರೆ 12ನೇ ಫ್ರೆಟ್ ಮೇಲೆ ಅರ್ಧ ಇಳಿಯುತ್ತೆ. ಬೊಬ್ಬೆ ಆರೋವರೆಗೆ ಹುಡುಗನಿಗೆ ರಜೆ. ಆಮೇಲೆ ಬೆಳಗ್ಗೆ 5 ನಿಮಿಷ, ಸಂಜೆ 5 ನಿಮಿಷ, ಸಾಕು.

ಉಡುಪಿಯ ತಾಯಿ: ಮಗ ಎಡಚ. ತಂತಿ ಅದಲು ಬದಲು ಮಾಡಿಸಬೇಕಾ ಸರ್?

ಶಿವಮೊಗ್ಗದ ಸದಸ್ಯರು: ಬಂದ ಮೆಸೇಜ್ ಹಾಕ್ತಿದ್ದೀನಿ. ‘ಬೆರಳ ತುದಿ ವಿನೆಗರ್‌ನಲ್ಲಿ ಅದ್ದಿ ಫೆವಿಕ್ವಿಕ್ ಸವರಿ, ಮೂರೇ ದಿನಕ್ಕೆ ಗಟ್ಟಿ.’

ಗಿಟಾರ್ ಮೇಷ್ಟ್ರು: ಬೊಬ್ಬೆ ಎದ್ದ ಚರ್ಮಕ್ಕೆ ವಿನೆಗರಾ? ಮಗು ಅದೇ ಬೆರಳು ಕಣ್ಣಿಗೆ, ಬಾಯಿಗೆ ಒಯ್ಯುತ್ತೆ. ಯಾರೂ ಮಾಡಬೇಡಿ. ಈ ವಾರ ಇದು ಮೂರನೇ ಸಲ.

ಮೈಸೂರಿನ ಸದಸ್ಯರು: ಮೊದಲು ಸರಳೆ ವರಸೆ ಹಾಡಲಿ. ಸ್ವರಜ್ಞಾನ ಇಲ್ಲದೆ ಗಿಟಾರ್ ಯಾಕೆ?

ಮಂಗಳೂರಿನ ಸದಸ್ಯರು: ಮಕ್ಕಳು ಗಿಟಾರ್ ಕೇಳೋದೇ ಹಾಡಿನ ಜೊತೆ ಬಾರಿಸೋಕೆ. ಎರಡು ವರ್ಷ ಕಾಯಿಸಿದರೆ ಆಸೆ ಸತ್ತು ಹೋಗುತ್ತೆ.

ಮೈಸೂರಿನ ಸದಸ್ಯರು: ಆಸೆಯೇ ವಿದ್ಯೆ ಅಲ್ಲ.

ಮಂಗಳೂರಿನ ಸದಸ್ಯರು: ನಿಮ್ಮ ಹತ್ತಿರ ಕಲಿತ ಮಕ್ಕಳನ್ನೇ ಕೇಳಿ ನೋಡಿ.

ಗಿಟಾರ್ ಮೇಷ್ಟ್ರು: ಸಾಕು. ಒಂದೇ ತಂತಿಯಲ್ಲಿ ಸರಳೆ ವರಸೆಯ ರಾಗ ಮಾಯಾಮಾಳವಗೌಳ ಸಿಗುತ್ತೆ: ಬಿಟ್ಟ ತಂತಿ (ಒತ್ತದೆ ಮೀಟಿದ್ದು) ಷಡ್ಜ, ಮುಂದೆ 1, 4, 5, 7, 8, 11, 12ನೇ ಫ್ರೆಟ್. ತೋರುಬೆರಳೊಂದನ್ನೇ ಜಾರಿಸಲಿ, ಬಾಯಲ್ಲೂ ಹಾಡಲಿ. ಕಾರ್ಡ್ (ಹಾಡಿನ ಜೊತೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬೇಕಾದರೆ ಮಗು ಅತಿ ಸಣ್ಣ ತಂತಿಯ 3ನೇ ಫ್ರೆಟ್ ಒತ್ತಲಿ. ಅಪ್ಪನೋ ಅಮ್ಮನೋ ಸಣ್ಣ ಕಡೆಯ ನಾಲ್ಕೇ ತಂತಿ ಮೀಟಿ. ಅದೇ ಜಿ ಮೇಜರ್ ಅನ್ನೋ ಕಾರ್ಡ್. ಶ್ರುತಿ ಮಾಡೋದು ದೊಡ್ಡವರ ಕೆಲಸ, ದಿನಾ. ಹೊಸ ನೈಲಾನ್ ತಂತಿ ಹಿಗ್ಗಿ ಶ್ರುತಿ ಇಳೀತಾನೇ ಇರುತ್ತೆ.

ಬಳ್ಳಾರಿಯ ತಂದೆ: 5 ವರ್ಷಕ್ಕೆ ಯಾವ ಸೈಜ್?

ಗಿಟಾರ್ ಮೇಷ್ಟ್ರು: 30. ಮೇಲೆ ಓದಿ.

ಉಡುಪಿಯ ತಾಯಿ: ಎಡಚ ಮಗುವಿನ ಬಗ್ಗೆ ಕೇಳಿದ್ದೆ.

ತುಮಕೂರಿನ ತಂದೆ: ಕಾಗದ ಒಳಗೆ ಹೋಯ್ತು ಸರ್, ಒಂದು ಮೂಲೆಯಲ್ಲಿ.

ಗಿಟಾರ್ ಮೇಷ್ಟ್ರು: ತಂತಿ ಪೂರ್ತಿ ಬಿಚ್ಚಿಬಿಡಿ. ಪಕ್ಕದಿಂದ ಬೆಳಕು ಬಿಟ್ಟು ಫೋಟೊ ತೆಗೆದು ಹಾಕಿ.