ಸಹಾಯ ಬೇಕು: ವ್ಯಾಪಾರಸ್ಥರ ಹತ್ತಿರ ವಿಲ್ ಮಾತು ಎತ್ತೋದು ಹೇಗೆ?

ನಮಸ್ಕಾರ. ತುಮಕೂರಿನಲ್ಲಿ ಹಳ್ಳಿ ಹೆಣ್ಣುಮಕ್ಕಳಿಗೆ ಚಿಕ್ಕ ಹಾಸ್ಟೆಲ್ ನಡೆಸುತ್ತಿದ್ದೇವೆ. ಮಂಡಿಪೇಟೆ ವರ್ತಕರು, ಅಂತರಸನಹಳ್ಳಿ ಫ್ಯಾಕ್ಟರಿ ಮಾಲೀಕರು ಅಕ್ಕಿ, ಬೇಳೆ ಕೇಳಿದರೆ ಇಲ್ಲ ಅನ್ನಲ್ಲ. ಆದರೆ ಪ್ರತಿ ಜೂನ್‌ನಲ್ಲೂ ಮತ್ತೆ ಕೈಯೊಡ್ಡಬೇಕು. ಅದಕ್ಕೇ ಬಡ್ಡಿಯಲ್ಲೇ ಖರ್ಚು ನಡೆಯುವಂತೆ ಇಡಿಗಂಟು ಮಾಡಲು ಹೊರಟೆವು.

ಆಡಿಟರನ್ನು ಕರೆದುಕೊಂಡು ಹೋಗಿ 80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ, ವಿವರಿಸಿದೆವು. ವಿಲ್‌ನಲ್ಲಿ ಒಂದು ಪಾಲು ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯ ಅಲ್ಲ ಎಂದೂ ಹೇಳಿದೆವು. ವಿಲ್ ಅಂದ ತಕ್ಷಣ ರೈಸ್‌ಮಿಲ್ ಯಜಮಾನರೊಬ್ಬರು ಕಾಫಿ ಲೋಟ ಕೆಳಗಿಟ್ಟು ಮಗನ ಮುಖ ನೋಡಿದರು. ಮಾತು ಅಲ್ಲಿಗೇ ನಿಂತಿತು. ತುಂಬಾ ಒಳ್ಳೆಯವರು, ನೋವಾಯಿತೇನೋ ಅಂತ ನನಗಿನ್ನೂ ಕಸಿವಿಸಿ.

ಮೊದಲು ತಂದೆ-ತಾಯಿ ಹೆಸರಿನಲ್ಲಿ ದತ್ತಿನಿಧಿ ಕೇಳಿ, ವಿಲ್ ಮಾತು ಆಮೇಲೆ ಎತ್ತಬೇಕಾ? ಇಲ್ಲ, ಮನೆಯವರನ್ನೆಲ್ಲ ಕೂರಿಸಿ ಒಟ್ಟಿಗೇ ಮಾತಾಡಬೇಕಾ? ಇಂಥ ನಿಧಿ ಕೂಡಿಸಿದವರು ದಯವಿಟ್ಟು ತಿಳಿಸಿ.